ಬೇಕರಿಯ ಮೇಲಿನ ಟ್ಯೂಷನ್

ರಮ್ಲತ್ ಮಗಳ ಕೈಯಿಂದ ಪೆನ್ನು ಕಿತ್ತುಕೊಂಡಳು.

"ಇದನ್ನು ನಿನಗೆ ಯಾರು ಹೇಳಿಕೊಟ್ಟದ್ದು?"

ಹಾಳೆಯ ಮೇಲೆ ಆಸಿಯಾ ಎರಡು ಸಾಲು ಬರೆದು, ನಡುವೆ ಓರೆ ಬಾಣಗಳನ್ನೆಳೆದು, ಉದ್ದನೆಯ ಇಂಟಿಗ್ರೇಷನ್ ಲೆಕ್ಕವೊಂದನ್ನು ಚಕಚಕನೆ ಮುಗಿಸಿದ್ದಳು. ಉತ್ತರ ಸರಿಯಿತ್ತು. ರಮ್ಲತ್‌ಳನ್ನು ಚುಚ್ಚಿದ್ದೂ ಅದೇ. ಪಿಯುಸಿ ಸೇರಿದಂದಿನಿಂದ ಇದೇ ಮೇಜಿಗೆ ಕೂರಿಸಿ ಸೂತ್ರ ತಿದ್ದಿಸಿದರೂ ಈ ಹುಡುಗಿಯ ತಲೆಗೆ ಹತ್ತಿರಲಿಲ್ಲ. ಅರ್ಥ ಆಯ್ತಾ ಅಂದರೆ ತಲೆಯಾಡಿಸುವುದು, ಪರೀಕ್ಷೆಯಲ್ಲಿ ಖಾಲಿ ಬಿಟ್ಟು ಬರುವುದು.

"ಟೆಸ್ಸಿ ಟೀಚರ್," ಅಂದಳು ಆಸಿಯಾ, ತಲೆ ಎತ್ತದೆ. "ಶನಿವಾರ ಲೈಬ್ರರಿಗೆ ಹೋಗುದು ಅಂತ ಹೇಳಿದ್ದಲ್ಲ ಉಮ್ಮ, ಅದು ಅಲ್ಲಿಗೆ."

ಕಡಬದಲ್ಲಿ ಲೆಕ್ಕದ ಟ್ಯೂಷನ್ ಅಂದರೆ ರಮ್ಲತ್ ಟೀಚರ್ ಅನ್ನುತ್ತಿದ್ದ ಕಾಲದಲ್ಲಿ, ರಬ್ಬರ್ ತೋಟದ ಪೌಲೋಸ್ ತನ್ನ ಮಗಳು ಈ ಟೆಸ್ಸಿಯನ್ನು ಜೀಪಿನಲ್ಲಿ ಅವಳ ಪಾಠಕ್ಕೆ ತಂದು ಬಿಡುತ್ತಿದ್ದ. ಎಂಎಸ್ಸಿ ಮುಗಿಸಿ ಬಂದವಳು ಕಳೆದ ವರ್ಷ ಪೇಟೆಯ ಬೇಕರಿಯ ಮೇಲೆ ಕೋಣೆ ಹಿಡಿದಳು. ಮೊದಲು ಸೈನ್ಸ್ ಮಾತ್ರ ಅಂದಳು, ಆಮೇಲೆ ಲೆಕ್ಕವನ್ನೂ ಶುರು ಮಾಡಿದಳು. ರಮ್ಲತ್‌ಳ ಜಗಲಿಯಿಂದ ಮಕ್ಕಳು ಒಬ್ಬೊಬ್ಬರಾಗಿ ಜಾರಿದರು. ಮದುವೆಮನೆಗಳಲ್ಲಿ ಹೆಂಗಸರು, "ನಿಮ್ಮ ಶಿಷ್ಯೆ ಭಾರಿ ಚಂದ ಹೇಳಿಕೊಡ್ತಾಳಂತೆ," ಅಂದಾಗ ರಮ್ಲತ್ ನಗುತ್ತಿದ್ದಳು. ಬಿರಿಯಾನಿಯನ್ನು ಮಾತ್ರ ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಏಳುತ್ತಿದ್ದಳು. ಆದರೂ ಹೋದವರೆಲ್ಲ ಬೇರೆಯವರ ಮಕ್ಕಳು. ಈಗ ಹೋದದ್ದು ತನ್ನದೇ.

ಆ ವಾರವಿಡೀ ಅವಳು ಮಗಳೊಡನೆ ಸರಿಯಾಗಿ ಮಾತಾಡಲಿಲ್ಲ. ಶನಿವಾರ ಆಸಿಯಾ ಅಳುಕುತ್ತಲೇ ಚೀಲ ಹೆಗಲಿಗೇರಿಸಿದಾಗ ತಡೆಯಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನೂ ಹೊರಟಳು. ಟೆಸ್ಸಿಗೆ ಹೇಳಬೇಕಾದ್ದನ್ನು ಎಲ್ಲರೆದುರೇ ಹೇಳಿ ಬರಬೇಕೆಂದಿದ್ದಳು.

ಮೆಟ್ಟಿಲ ಕೆಳಗೆ ಚಪ್ಪಲಿಗಳ ರಾಶಿ. ಮೇಲಿನಿಂದ ಆಸಿಯಾಳ ದನಿ ಕೇಳಿಸಿತು: "ಇಲ್ಲ ಟೀಚರ್, ನನಗೆ ಎಂತದೂ ಅರ್ಥ ಆಗ್ಲಿಲ್ಲ. ಮೊದಲಿಂದ ಹೇಳಿ." ಮಕ್ಕಳೆಲ್ಲ ನಕ್ಕರು. ಅವರೊಡನೆ ಆಸಿಯಾಳೂ ನಕ್ಕಳು. ಮನೆಯ ಮೇಜಿನ ಮುಂದೆ ಆ ಹುಡುಗಿ ಒಂದು ದಿನವೂ ಹೀಗೆ ಕೇಳಿದ್ದಿಲ್ಲ. ರಮ್ಲತ್ ಕಂಬಿ ಹಿಡಿದು ಉಳಿದ ಮೆಟ್ಟಿಲುಗಳನ್ನು ಹತ್ತಿದಳು.

ಬಾಗಿಲಲ್ಲಿ ಅವಳನ್ನು ಕಂಡದ್ದೇ ಟೆಸ್ಸಿ ಸೀಮೆಸುಣ್ಣ ಇಟ್ಟು ಓಡಿ ಬಂದಳು.

"ಟೀಚರ್! ಬನ್ನಿ ಬನ್ನಿ. ಉಮ್ಮನೇ ಕಳಿಸಿದ್ದು ಅಂತ ಆಸಿಯಾ ಹೇಳಿದ ದಿನ ನನಗೆ ಅಳುವೇ ಬಂತು, ಗೊತ್ತುಂಟಾ? ನಿಮಗೆ ನನ್ನ ಮೇಲೆ ಸಿಟ್ಟುಂಟು ಅಂತ ಗ್ರಹಿಸಿದ್ದೆ. ನಿಮ್ಮ ಮಗಳನ್ನೇ ನನ್ನ ಹತ್ರ ಕಳಿಸಿದ್ರಲ್ಲ!"

ಮುಂದಿನ ಬೆಂಚಿನಲ್ಲಿ ಆಸಿಯಾಳ ಮುಖ ಬಿಳುಚಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ರಮ್ಲತ್‌ಳ ನಾಲಿಗೆಯ ತುದಿಯಲ್ಲೇ ಇತ್ತು.

"ಹೌದು," ಅಂದಳು. "ನಾನೇ ಕಳಿಸಿದ್ದು."

ಟೆಸ್ಸಿ ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಮತ್ತೆ ಬೋರ್ಡಿಗೆ ತಿರುಗಿದಳು. ಹಿಂದೆ ಗುರು ಕೂತಿದ್ದಾರೆಂದು ಅವಸರವಸರವಾಗಿ ಬರೆದಳು. ಎರಡನೆಯ ಸಾಲಿನಲ್ಲೇ ಮೈನಸ್ ಚಿಹ್ನೆಯೊಂದು ಬಿಟ್ಟು ಹೋಯಿತು. ರಮ್ಲತ್‌ಗೆ ಅದು ತಟ್ಟನೆ ಕಂಡಿತು. ಒಳಗೊಳಗೇ ಏನೋ ತಂಪಾಯಿತು. ಯಾರೂ ನೋಡದಿರಲಿ, ಕೊನೆಯ ತನಕ ಹೋಗಲಿ, ಉತ್ತರ ತಪ್ಪಿ ಎಲ್ಲರೆದುರು ಒದ್ದಾಡಲಿ, ಆಮೇಲೆ ತಾನೇ ಎದ್ದು ಹೇಳಬೇಕು ಎಂದು ಉಸಿರು ಹಿಡಿದು ಕೂತಳು.

"ಟೀಚರ್," ಆಸಿಯಾ ಕೈಯೆತ್ತಿದಳು. "ಸೈನ್‌ನ ಇಂಟಿಗ್ರಲ್ ಮೈನಸ್ ಕಾಸ್ ಅಲ್ವಾ?"

"ಹೌದಲ್ಲ ಮಾರಾಯ್ತಿ!" ಟೆಸ್ಸಿ ನಕ್ಕು, ಅಂಗೈಯಿಂದಲೇ ಸಾಲನ್ನು ಒರೆಸಿದಳು.

ಆಸಿಯಾ ಮೆಲ್ಲನೆ ಹಿಂದೆ ತಿರುಗಿ ನೋಡಿದಳು. ತಪ್ಪನ್ನು ಕಂಡೂ ಕಾದು ಕೂತದ್ದು ಅವಳಿಗೆ ತಿಳಿದೀತೆಂದು ರಮ್ಲತ್ ಅವಳತ್ತ ನೋಡಲಿಲ್ಲ. ಬೋರ್ಡಿನಲ್ಲಿ ಟೆಸ್ಸಿಯ ಅಂಗೈ ಉಳಿಸಿದ ಬಿಳಿ ಮಬ್ಬಿನ ಮೇಲೆ ಹೊಸ ಸಾಲು ಮೂಡುತ್ತಿತ್ತು.