ಮುಟ್ಟಿದರೂ ಅಪಾಯ, ಬಿಟ್ಟರೂ ಅಪಾಯ

ಅಹಮದಾಬಾದಿನಲ್ಲಿ ನಾಲ್ಕು ಕನ್ನಡಿಗರು ಸೇರಿದರೆ ಮೊದಲು ಒಳ್ಳೆಯ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆಂಬ ಚರ್ಚೆ. ಆಮೇಲೆ ಯಾರದಾದರೂ ಕಾಯಿಲೆ. ಈಚೆಗೆ ಆ ಗೌರವ ಸಿದ್ದಲಿಂಗಪ್ಪನವರ ಹೃದಯಕ್ಕೆ ಸಂದಿತ್ತು.

ಗದಗ ಕಡೆಯ ಸಿದ್ದಲಿಂಗಪ್ಪ ಉಪಗ್ರಹದ ಉಪಕರಣಗಳನ್ನು ಪರೀಕ್ಷಿಸುವ ಎಂಜಿನಿಯರು. ಅವರ ಎದೆ ಆಗಾಗ ತಾಳ ತಪ್ಪಿ ಓಡುತ್ತಿತ್ತು, ಮಾತ್ರೆಗೂ ಬಗ್ಗಲಿಲ್ಲ. ಮೊನ್ನೆ ಸ್ಕೂಟರಿನಲ್ಲಿ ಹೋಗುವಾಗ ಕಣ್ಣು ಕತ್ತಲೆ ಬಂದು ರಸ್ತೆ ಬದಿಗೆ ಕುಳಿತುಬಿಟ್ಟರು. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಹೃದಯದಲ್ಲಿ ತಪ್ಪು ಸಂಕೇತ ಹೊರಡುವ ಜಾಗವನ್ನು ಸುಡುವ ‘ಅಬ್ಲೇಷನ್’ ಮಾಡಿಸಬಹುದು ಎಂದರು ವೈದ್ಯರು.

“ಸುಡಲಿಕ್ಕೆ ಅದೇನು ಬದನೀಕಾಯಿ ಏನ್ರಿ?” ಎಂದರು ನೋಡಲು ಬಂದ ಗೆಳೆಯ ಸೀತಾರಾಮರಾಯರು.

“ನಾನೂ ಅದನ್ನ ಅನ್ನೂದು,” ಎಂದರು ಸಿದ್ದಲಿಂಗಪ್ಪ. “ಮ್ಯಾಲೆ ಹೋದ ಉಪಗ್ರಹಾನ ಯಾರರ ಬಿಚ್ಚತಾರೇನು? ಓಡೂದನ್ನ ಮುಟ್ಟಬಾರದು. ಇವತ್ತು ವಾಚಿನ್ಯಾಗ ನಾಡಿ ಸರಿ ಐತಿ ನೋಡ್ರಿ. ರಕ್ತ ತೆಳು ಮಾಡೂ ಗುಳಿಗೀನೂ ಬಿಡಬೇಕಂತ ಮಾಡೀನಿ.”

ಹೆಂಡತಿ ಮಂದಾಕಿನಿ ಅಡುಗೆಮನೆಯಿಂದ ಹೊರಬಂದರು. “ಹ್ವಾದ ವರ್ಷ ನಿಮ್ಮ ಲ್ಯಾಬಿನ್ಯಾಗ ಯಾವುದೋ ಡಬ್ಬಿ ಒಮ್ಮೆ ತಪ್ಪು ತೋರಿಸಿ, ತಾನಾಗೇ ಸರಿ ಆತಲ್ಲಾ? ಎಲ್ಲಾರೂ ಪಾಸ್ ಮಾಡ್ರಿ ಅಂತ ಬೆನ್ನ ಹತ್ತಿದ್ರು. ನೀವೇನಂದ್ರಿ?”

ಸಿದ್ದಲಿಂಗಪ್ಪ ಕೆಮ್ಮಿದರು. “ಬಂದು ಹೋಗೂ ದೋಷಾನ ಭಾಳ ಕೆಟ್ಟದ್ದು, ಪಾಸ್ ಮಾಡಂಗಿಲ್ಲ ಅಂದೆ.”

“ಮತ್ತ ನಿಮ್ಮ ಎದಿಗೆ ಯಾಕ ಪಾಸ್ ಕೊಡ್ತೀರಿ?”

ಮೇಲಿನ ಮನೆಯ ಮನಸ್ವಿನಿ ಮೈಸೂರಿನ ಹುಡುಗಿ, ಹೃದ್ರೋಗ ವಿಭಾಗದ ವೈದ್ಯೆ. ಅವಳನ್ನೂ ಕರೆಸಿದರು.

“ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ ಅಂಕಲ್,” ಎಂದಳು ಅವಳು. “ನಾಡಿ ಸರಿ ಕಂಡ್ರೂ, ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದ್ರೆ ಪಾರ್ಶ್ವವಾಯು. ಅಬ್ಲೇಷನ್ನಲ್ಲೂ ಅಪಾಯ ಇದೆ. ರಕ್ತಸ್ರಾವ ಆಗ್ಬಹುದು, ಅಪರೂಪಕ್ಕೆ ಹೃದಯದ ಗೋಡೆ ತೂತಾಗ್ಬಹುದು, ಪಾರ್ಶ್ವವಾಯುನೂ ಆಗ್ಬಹುದು. ಆದ್ರೆ ಸುಮ್ನೆ ಕೂತ್ರೂ ಅಪಾಯ ಇದೆಯಲ್ಲ? ನೀವು ತಕ್ಕಡಿಯ ಒಂದೇ ತಟ್ಟೆ ನೋಡ್ತಿದೀರ.”

“ಹಂಗಾದ್ರ ಮಾಡಿಸಲೇಬೇಕೇನವಾ?”

“ಎಲ್ಲರಿಗೂ ಬೇಕಿಲ್ಲ. ಎಷ್ಟೋ ಜನಕ್ಕೆ ಮಾತ್ರೆಯೇ ಸಾಕು. ನಿಮಗೆ ಯಾವುದು ಅಂತ ನಿಮ್ಮ ಡಾಕ್ಟರನ್ನ ಕೇಳಿ. ಪೂರ್ತಿ ಕೇಳಿ.”

ಸಿದ್ದಲಿಂಗಪ್ಪ ಕೇಳಿದ ಪರಿಯನ್ನು ಮೆಚ್ಚಲೇಬೇಕು. ವೈದ್ಯರೆದುರು ಕುಳಿತು, ಗದಗಿನ ರಾಗದ ಹಿಂದಿಯಲ್ಲಿ ಶುರುಮಾಡಿದರು. ನೀವು ಇಂಥವು ಎಷ್ಟು ಮಾಡಿದ್ದೀರಿ? ಎಷ್ಟು ಜನರಿಗೆ ತೊಂದರೆಯಾಯಿತು? ತೂತಾದರೆ ತಕ್ಷಣ ಏನು ಮಾಡುತ್ತೀರಿ? ನನ್ನ ವಯಸ್ಸಿಗೆ, ನನ್ನ ಬಿಪಿಗೆ ಅಪಾಯ ಹೆಚ್ಚೇ? ಗುಜರಾತಿ ವೈದ್ಯರು ಮುನಿಯಲಿಲ್ಲ. ಚಹಾ ತರಿಸಿ ಒಂದೊಂದಕ್ಕೂ ಉತ್ತರಿಸಿದರು. ಒಂದೇ ಸಲಕ್ಕೆ ಗುಣವಾಗುತ್ತದೆಯೇ ಎಂದಾಗ ಮಾತ್ರ, “ಅದನ್ನು ಈಗಲೇ ಹೇಳಲಾರೆ, ಕೆಲವರಿಗೆ ಮತ್ತೊಮ್ಮೆ ಮಾಡಬೇಕಾಗುತ್ತದೆ,” ಎಂದು ಒಪ್ಪಿಕೊಂಡರು.

ಆ ಮಾತಿಗೇ ಸಿದ್ದಲಿಂಗಪ್ಪ ಅವರನ್ನು ನಂಬಿದರು. “ಎಲ್ಲಾ ಗೊತ್ತೈತಿ ಅನ್ನಾವರನ್ನ ನಾನು ಲ್ಯಾಬಿನೊಳಗ ಬಿಡಂಗಿಲ್ಲ,” ಎಂದು ಹೆಂಡತಿಗೆ ಹೇಳಿ ಒಪ್ಪಿಗೆ ಕೊಟ್ಟರು.

ಅಬ್ಲೇಷನ್ ಆದ ಮೇಲೆ ತೊಡೆಸಂದು ಕೆಲವು ದಿನ ನೀಲಿಗಟ್ಟಿತ್ತು. ಎದೆ ಆಗೊಮ್ಮೆ ಈಗೊಮ್ಮೆ ಮುಗ್ಗರಿಸಿ, ಕೊನೆಗೆ ದಾರಿಗೆ ಬಂತು. ರಕ್ತ ತೆಳು ಮಾಡುವ ಮಾತ್ರೆ ಮುಂದುವರಿದಿದೆ. ಅದನ್ನು ನಿಲ್ಲಿಸುವ ಅಧಿಕಾರ ಈಗ ವೈದ್ಯರದು.

ಓದುಗರೇ, ನಿಮ್ಮ ಎದೆಯೂ ತಾಳ ತಪ್ಪುತ್ತಿದ್ದರೆ, ಇಂದು ಸರಿಯಿದೆಯೆಂದು ಸುಮ್ಮನಿರಬೇಡಿ, ಇಸಿಜಿ ಮಾಡಿಸಿ. ಸಿದ್ದಲಿಂಗಪ್ಪನವರ ತೀರ್ಮಾನವನ್ನು ಕಡ ತರಬೇಡಿ, ಅದು ಅವರ ಹೃದಯದ ಅಳತೆಗೆ ಹೊಲಿಸಿದ್ದು. ಅವರ ಪ್ರಶ್ನೆಗಳನ್ನು ಮಾತ್ರ ಧಾರಾಳವಾಗಿ ಒಯ್ಯಿರಿ.