ಕೆಬ್ಬಾನ ಡ್ರಮ್ಮಿಗೆ ಬಿದ್ದ ಗೋಲಿಗಳು

ಬಾಕೊತೊ ಊರಿನ ಹೆಂಗಸರ ಕೈಲಿ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದವಳು ತೆನೆಂಗ್. ಅದನ್ನು ಅವಳು ಮರೆತಿರಲಿಲ್ಲ. ಊರವರು ಮರೆಯಲು ಬಿಟ್ಟಿರಲೂ ಇಲ್ಲ.

ಕಾಗದ ತಂದವನು ಕೆಬ್ಬಾ ದಾರ್ಬೊ. ಊರಿನ ಅಭಿವೃದ್ಧಿ ಸಮಿತಿಯ ಅಧ್ಯಕ್ಷ, ತೆನೆಂಗಳ ಸತ್ತ ಗಂಡನ ಚಿಕ್ಕಪ್ಪನ ಮಗ.

"ಅತ್ತಿಗೆ, ಕಡಲ ದಡದಲ್ಲಿ ಐಸ್ ಮನೆ ಕಟ್ತಾರಂತೆ. ಇನ್ಮೇಲೆ ನಿಮ್ಮ ಮೀನು ಕೊಳೆಯೋ ಮಾತೇ ಇಲ್ಲ. ಹೆಂಗಸರ ಒಪ್ಪಿಗೆ ಒಂದು ಬೇಕು. ನಿನ್ನ ಮಾತು ಯಾರು ಮೀರ್ತಾರೆ?"

ನಿಜ, ಯಾರೂ ಮೀರುತ್ತಿರಲಿಲ್ಲ. ಬೊಂಗಾ ಮೀನನ್ನು ಹೊಗೆಯಲ್ಲಿ ಒಣಗಿಸಿ ಒಳನಾಡಿನ ಸಂತೆಗಳಿಗೆ ಕಳಿಸುವ ನಲವತ್ತೆರಡು ಹೆಂಗಸರ ಸಂಘಕ್ಕೆ ಅವಳೇ ಹಿರಿಯಳು. ಅವಳಿಗೆ ಓದು ಬಾರದು. ಬಿಸಿಲಲ್ಲಿ ಮನೆಮನೆ ತಿರುಗಿ ಹೆಬ್ಬೆಟ್ಟು ಹಾಕಿಸಿಕೊಂಡು ಬಂದಳು.

ಐಸ್ ಮನೆ ಬರಲಿಲ್ಲ. ಮೀನಿನ ಹಿಟ್ಟಿನ ಕಾರ್ಖಾನೆ ಬಂತು. ದೋಣಿಗಳು ದಡ ಮುಟ್ಟುವ ಮೊದಲೇ ಬೊಂಗಾ ಅದರ ಪಾಲಾಗುತ್ತಿತ್ತು. ಬೇಯಿಸಿ, ಅರೆದು, ಮೂಟೆ ಕಟ್ಟಿ ಯಾವುದೋ ದೇಶದ ಹಂದಿ ಕೋಳಿಗಳಿಗೆ ಕಳಿಸುತ್ತಿದ್ದರು. ಊರಿನ ಹೊಗೆ ಒಲೆಗಳಲ್ಲಿ ಹಲ್ಲಿಗಳು ಸಂಸಾರ ಹೂಡಿದವು. ಕಾರ್ಖಾನೆಯ ಕೊಳವೆ ಕಾರಿದ ಕೆಂಪು ನೀರು ಹೆಂಗಸರ ತರಕಾರಿ ತೋಟದ ಬಾವಿಗೆ ಇಳಿದು ಬದನೆ, ಬೆಂಡೆ ಎಲ್ಲ ನಿಂತಲ್ಲೇ ಸುಟ್ಟುಹೋದವು. ಮಕ್ಕಳ ಮೈತುಂಬ ಕಜ್ಜಿ.

ಕೇಳಲು ಹೋದವರ ಮುಂದೆ ಕೆಬ್ಬಾ ಅದೇ ಕಾಗದ ಬಿಡಿಸಿ ಹಿಡಿದ. "ನೀವೇ ಒಪ್ಪಿದ್ದಲ್ವಾ? ನೋಡ್ಕೊಳಿ, ನಿಮ್ಮದೇ ಹೆಬ್ಬೆಟ್ಟು."

ತೆನೆಂಗಳ ಬಾಲ್ಯದ ಗೆಳತಿ ಜೈನಬಾ ಆ ಕಾಗದಕ್ಕೆ ಕೈ ಹಾಕಿದಳು. ಕೆಬ್ಬಾ ದೂರು ಕೊಟ್ಟ. ಮೂರು ದಿನ ಪೊಲೀಸ್ ಠಾಣೆಯ ಸಿಮೆಂಟು ನೆಲದ ಮೇಲೆ ಮಲಗಿ ಬಂದ ಜೈನಬಾ ಸೀದಾ ತೆನೆಂಗಳ ಅಂಗಳಕ್ಕೆ ಬಂದಳು.

"ಅವನು ಮೋಸಗಾರ, ಮೋಸ ಮಾಡಿದ. ನೀನು ಯಾಕೆ ಮಾಡಿದೆ?"

"ನಂಗೆ ಗೊತ್ತಿರ್ಲಿಲ್ಲ ಕಣೇ."

"ಗೊತ್ತಿಲ್ದೋಳು ಮುಂದೆ ನಿಂತು ಯಾಕೆ ಕರ್ಕೊಂಡು ಹೋದೆ?"

ತೆನೆಂಗ್‌ಗೆ ಅಂದು ಅನ್ನ ಇಳಿಯಲಿಲ್ಲ. ಎರಡು ವರ್ಷ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಕೆಬ್ಬಾ ಎದುರು ಸಿಕ್ಕಾಗಲೆಲ್ಲ ಅವಳು ನಗುತ್ತ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು.

ಆಮೇಲೆ ಕೌನ್ಸಿಲ್ ಚುನಾವಣೆ ಬಂತು. ಕೆಬ್ಬಾ ನಿಂತ. ಅಕ್ಕಿ ಮೂಟೆ, ಎಣ್ಣೆ, ಒಂದೇ ಬಣ್ಣದ ನಲವತ್ತೆರಡು ಬಟ್ಟೆ ಹೊರಿಸಿಕೊಂಡು ತೆನೆಂಗಳ ಮನೆಗೇ ಬಂದ.

"ಅತ್ತಿಗೆ, ಹಳೇದೆಲ್ಲ ಹೊಟ್ಟೇಲಿ ಹಾಕ್ಕೋ. ರಾಜಧಾನಿಯಿಂದ ಪಕ್ಷದ ಹಿರಿಯರು ಬರ್ತಾರೆ. ಹೆಂಗಸರನ್ನ ಕರ್ಕೊಂಡು ಬಾ, ಊಟದ ಉಸ್ತುವಾರೀನೂ ನಿಂದೇ."

"ಹಾಕ್ಕೊಂಡೇ ಇದೀನಿ ಮೈದುನ," ಅಂದಳು. "ಊಟದ ಚಿಂತೆ ನೀನು ಬಿಡು."

ಅವಳು ಮೊದಲು ಹೋದದ್ದು ಜೈನಬಾಳ ಮನೆಗೆ. ಹೊಸ್ತಿಲಾಚೆಯೇ ನಿಂತು ತನ್ನ ಉಪಾಯ ಹೇಳಿದಳು. ಜೈನಬಾ ಕೇಳಿ, ಎರಡು ವರ್ಷದಲ್ಲಿ ಮೊದಲ ಸಲ ಅವಳ ಕಡೆಗೆ ಕುಳಿತುಕೊಳ್ಳುವ ಮಣೆ ತಳ್ಳಿದಳು. "ಕಾರ್ಖಾನೆ ಗೋದಾಮಿನ ಹಿಂದೆ ಮೂಟೆ ಹರಿದು ಚೆಲ್ಲಿರುತ್ತೆ. ನಾನು ಗುಡಿಸಿ ತರ್ತೀನಿ."

ಸಭೆಯ ದಿನ ನಲವತ್ತೆರಡು ಹೆಂಗಸರೂ ಕೆಬ್ಬಾನ ಬಟ್ಟೆ ಉಟ್ಟು, ಹಾಡುತ್ತ, ತಲೆಯ ಮೇಲೆ ಮುಚ್ಚಿದ ಬೋಗುಣಿ ಹೊತ್ತು ಬಂದರು. ಚಪ್ಪರದಡಿ ಸೋಫಾದಲ್ಲಿ ಹಿರಿಯರು. ಕೆಬ್ಬಾನ ಮುಖ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು. "ನಮ್ಮ ಅತ್ತಿಗೆ ಕೈ ಮೀನನ್ನ, ಬೆನಾಚಿನ್ ಉಂಡವರು ಬೆರಳೂ ನೆಕ್ತಾರೆ!" ಎಂದು ಮೈಕಿನಲ್ಲಿ ಕೂಗಿದ.

ತೆನೆಂಗ್ ಮೊದಲ ಬೋಗುಣಿಯನ್ನು ಅವನ ಮುಂದಿಟ್ಟು ತಾನೇ ಮುಚ್ಚಳ ತೆಗೆದಳು. ಅನ್ನವಿಲ್ಲ, ಮೀನಿಲ್ಲ. ಕಂದು ಬಣ್ಣದ ಹಿಟ್ಟು. ಅದರ ನಾತಕ್ಕೆ ಹಿರಿಯರೊಬ್ಬರು ಮೂಗಿಗೆ ತೋಳು ಒತ್ತಿಕೊಂಡು ಎದ್ದೇಬಿಟ್ಟರು. ಮಿಕ್ಕ ಮುಚ್ಚಳಗಳೂ ತೆರೆದವು.

"ಏನಿದು ಅತ್ತಿಗೆ?"

ಅವಳು ಅವನ ಕೈಯಿಂದ ಮೈಕು ಕಿತ್ತುಕೊಂಡಳು. "ನಮ್ಮೂರ ಬೊಂಗಾ. ಹಂದಿಗಳಿಗೆ ಮಾಡಿದ್ದು. ನಮಗೇನೂ ಉಳಿಸಿಲ್ವಲ್ಲ, ಅತಿಥಿಗಳಿಗೆ ಇನ್ನೇನು ಬಡಿಸ್ಲಿ? ತಿನ್ನು ಮೈದುನ. ನನ್ನ ಕೈ ಹಿಡಿದು ಸುಳ್ಳು ಕಾಗದಕ್ಕೆ ಒತ್ತಿಸಿದ್ಯಲ್ಲ, ಅದೇ ಕೈಲಿ ಬಡಿಸಿದೀನಿ."

ಹಿರಿಯರ ಕಾರುಗಳು ಧೂಳೆಬ್ಬಿಸಿ ಹೋದವು. ಕೆಬ್ಬಾ ನಗಲು ನೋಡಿದ, ಆಗಲಿಲ್ಲ. ಆದರೂ ಧೈರ್ಯ ಬಿಡಲಿಲ್ಲ. ಹೆಂಗಸರು ಹೋದರೆ ಹೋಗಲಿ, ಗಂಡಸರಿದ್ದಾರೆ, ಬಳಗವಿದೆ ಎಂದುಕೊಂಡ.

ಮತದಾನದ ದಿನ ಒಬ್ಬೊಬ್ಬರೇ ಮತಚೀಟಿಯ ಬದಲು ಅಲ್ಲಿ ಕೊಡುವ ಗಾಜಿನ ಗೋಲಿ ಹಿಡಿದು ಮರೆಗೆ ಹೋಗಿ, ಬೇಕಾದವರ ಡ್ರಮ್ಮಿಗೆ ಹಾಕಿ ಬಂದರು. ಸಂಜೆ ಊರವರೆದುರೇ ಡ್ರಮ್ಮುಗಳನ್ನು ತೆರೆದು ಸುರಿದರು. ಎದುರಾಳಿ ಶಾಲಾ ಮೇಡಂ ಆವಾ ಜಮ್ಮೆ. ಅವರ ಗೋಲಿ ಎಣಿಸುವ ತಟ್ಟೆಯ ಕುಳಿಗಳು ತುಂಬಿ ಇನ್ನೊಂದು ತಟ್ಟೆ ತರಬೇಕಾಯಿತು. ಕೆಬ್ಬಾನ ಡ್ರಮ್ಮಿನಿಂದ ಉರುಳಿದ್ದು ಒಂಬತ್ತು ಗೋಲಿ. ಅವನ ಮನೆಯೊಂದರಲ್ಲೇ ಹದಿನಾಲ್ಕು ಮತವಿತ್ತು.

ಮಾರನೇ ಬೆಳಿಗ್ಗೆ ಅವನು ತೆನೆಂಗಳ ಅಂಗಳದಲ್ಲಿ ನಿಂತಿದ್ದ. ಟೋಪಿ ಇರಲಿಲ್ಲ, ಕಣ್ಣು ಕೆಂಪು.

"ನಿನ್ನ ಸೇಡು ತೀರ್ತು. ಒಂದು ಮಾತು ಹೇಳಿಬಿಡು. ನನ್ನ ಮನೆಯೋರಲ್ಲಿ ಕೈ ಕೊಟ್ಟೋರು ಯಾರು?"

ತೆನೆಂಗ್‌ಗೆ ಗೊತ್ತಿತ್ತು. ಕೆಬ್ಬಾನ ಹೆಂಡತಿ ನ್ಯೀಮಾ ವಾರದ ಹಿಂದೆ ಕಜ್ಜಿ ಹತ್ತಿದ ಮೊಮ್ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದು, "ಅಕ್ಕಾ, ನಾನೂ ನನ್ನ ಸೊಸೆಯಂದಿರೂ ನಿಮ್ಮ ಜೊತೆ" ಎಂದು ಪಿಸುಗುಟ್ಟಿ ಹೋಗಿದ್ದಳು.

"ಒಂಬತ್ತೂ ನಿನ್ನ ಮನೆಯೋರದ್ದೇ ಅಂತ ಯಾರು ಹೇಳಿದ್ರು?" ಎಂದಳು ತೆನೆಂಗ್. "ಅಷ್ಟೂ ಹೊರಗಿನೋರದ್ದು ಇರಬಹುದು. ದಿನಾ ಮಧ್ಯಾಹ್ನ ಒಂದೇ ಬೋಗುಣಿ ಸುತ್ತ ಕೂತು ಉಣ್ತೀಯಲ್ಲ, ಒಂದೊಂದೇ ಮುಖ ನೋಡ್ತಾ ಹೋಗು. ನಿಂಗೇ ಗೊತ್ತಾಗುತ್ತೆ. ಗೊತ್ತಾಗ್ದಿದ್ರೆ ಮಾರನೇ ದಿನ ಮತ್ತೆ ನೋಡು."

ಅವನು ಅವಳನ್ನೇ ದಿಟ್ಟಿಸಿದ. "ನೀನು ಇಷ್ಟು ಕ್ರೂರಿ ಅಂತ ಗೊತ್ತಿರ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲ," ಎಂದು ಅವಳು ಪೊರಕೆ ಎತ್ತಿಕೊಂಡಳು.

ನಾಲ್ಕು ತಿಂಗಳು ಕಚೇರಿ ಅಲೆದು ಆವಾ ಮೇಡಂ ಆ ಕೆಂಪು ನೀರಿನ ಕೊಳವೆ ಮುಚ್ಚಿಸಿದರು. ಕಾರ್ಖಾನೆ ಮಾತ್ರ ಇನ್ನೂ ನಡೆಯುತ್ತಿದೆ, ಬೊಂಗಾ ಇನ್ನೂ ಸಾಲದು. ಕೆಬ್ಬಾ ಈಗ ಒಬ್ಬನೇ ಕೋಣೆಯಲ್ಲಿ ಉಣ್ಣುತ್ತಾನಂತೆ. ಆ ಸುದ್ದಿ ತಂದವಳು ಜೈನಬಾ. ತೆನೆಂಗ್ ಕೇಳಿ, ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ, ತಾನೂ ಹೊಟ್ಟೆ ತುಂಬ ಉಂಡಳು.