ಎಂಟನೆಯ ಸಾಲು

ಎರಡು ಸಲ ಬರೆದದ್ದು ಮೊಮುಂಕುಲ್‌ನ ಹೆಸರೇ ಇರಬೇಕು. ಇಲ್ಲ, ತಿಲೆಕೆಯದೋ? ಒಬ್ಬನೇ ರೋಗಿಯನ್ನು ಎರಡು ಸಲ ದಾಖಲಿಸಿದರೆ ವೆಬ್‌ಸೈಟು ತಡೆಯುತ್ತದೋ ಇಲ್ಲವೋ ಎಂದು ಮೇ ತಿಂಗಳಲ್ಲಿ ತಾನು ನೋಡಿದ್ದು ಎರ್ಮೆಕ್‌ಗೆ ಚೆನ್ನಾಗಿ ನೆನಪಿತ್ತು. ಯಾರ ಹೆಸರಿನಲ್ಲಿ ನೋಡಿದೆ, ನೋಡಿದ ಮೇಲೆ ಅಳಿಸಿದೆನೋ ಹಾಗೆಯೇ ಬಿಟ್ಟೆನೋ ಎಂಬುದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ಬಿಟ್ಟಿದ್ದರೆ, ಬುಧವಾರ ಪಟ್ಟಿಯಿಂದ ತೆಗೆದ ಎಂಟು ಸಾಲೂ ಪರೀಕ್ಷೆಗೆಂದು ತಾನೇ ಬರೆದವು, ಸರಿ. ಅಳಿಸಿದ್ದರೆ ಆ ಎಂಟನೆಯ ಸಾಲು ತನ್ನದಲ್ಲ. ತನ್ನದಲ್ಲದಿದ್ದರೆ ಅದು ಜೀವಂತ ಮನುಷ್ಯನದು.

ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆ. ನಾರಿನ್ ಪಟ್ಟಣದ ಆ ಕಚೇರಿ ಹಿಂದೆ ಶಿಶುವಿಹಾರವಾಗಿತ್ತು. ಮೊಣಕಾಲೆತ್ತರದ ಕೈತೊಳೆಯುವ ತೊಟ್ಟಿಗಳು ಇನ್ನೂ ಗೋಡೆಯಲ್ಲಿದ್ದವು. ಬೇಸಿಗೆಯಲ್ಲಿ ಕುರಿ ಕುದುರೆಗಳೊಂದಿಗೆ ಮೇಲಿನ ಹುಲ್ಲುಗಾವಲಿಗೆ ಹೋಗುವ ಸಕ್ಕರೆ ಕಾಯಿಲೆಯವರಿಗೆ ಹದಿನೈದು ದಿನಕ್ಕೊಮ್ಮೆ ಇನ್ಸುಲಿನ್ ತಲುಪಿಸುವುದು ಆ ಕಚೇರಿಯ ಕೆಲಸ. ಯಾರಿಗೆ, ಯಾವ ಗಾವಲಿನಲ್ಲಿ, ಎಷ್ಟು ಸೀಸೆ ಎಂಬ ಪಟ್ಟಿ ವೆಬ್‌ಸೈಟಿನಲ್ಲಿರುತ್ತಿತ್ತು. ಮೇಲಿರುವ ದಾದಿಯರು ಸಿಗ್ನಲ್ ಸಿಗುವ ಗುಡ್ಡ ಹತ್ತಿ ಹೊಸ ಹೆಸರು ಸೇರಿಸುತ್ತಿದ್ದರು. ಬುಧವಾರ ಸಂಜೆ ಪಟ್ಟಿ ಮುದ್ರಿಸಿದರೆ ಗುರುವಾರ ಬೆಳಗಾಗುವಾಗ ವ್ಯಾನು ಹೊರಡುತ್ತಿತ್ತು.

ವೆಬ್‌ಸೈಟನ್ನು ಕಟ್ಟಿದವನು ಎರ್ಮೆಕ್. ಇದ್ದದ್ದು ಒಂದೇ ಸರ್ವರು, ಒಂದೇ ಡೇಟಾಬೇಸು. ಪರೀಕ್ಷೆಗೆಂದು ಬರೆದ ಸುಳ್ಳು ರೋಗಿಗಳೂ ನಿಜವಾದ ರೋಗಿಗಳೂ ಅದರಲ್ಲೇ ಒಟ್ಟಿಗೆ ಮಲಗಿದ್ದರು. ಸುಳ್ಳು ರೋಗಿಗೂ ಒಂದು ಹೆಸರು ಬೇಕಲ್ಲ. ಬದುಕಿರುವವರ ಹೆಸರಿನ ಮುಂದೆ ಕಾಯಿಲೆ ಬರೆಯಲು ಅವನಿಗೆ ಕೈ ಬರಲಿಲ್ಲ. ಹಾಗೆ ಬರೆದರೆ ಬಂದೇ ಬಿಡುತ್ತದೆ ಎಂದು ಅವನ ತಾಯಿ ಮಾತ್ರವಲ್ಲ, ರಾಜಧಾನಿ ಬಿಷ್ಕೆಕ್‌ನಲ್ಲಿ ಓದಿದ ಅವನೂ ಒಳಗೊಳಗೇ ನಂಬಿದ್ದ. ಆದ್ದರಿಂದ ಅಜ್ಜ ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದ ಏಳು ತಲೆಮಾರನ್ನು ಬರೆದ. ತೊಲೊಗೊನ್, ಸಾರಿಬಾಯ್, ಅಲ್ಚಿನ್, ಮೊಮುಂಕುಲ್, ಬೊಸ್ಟೊನ್, ತಿಲೆಕೆ, ಕಾರಾಚ್. ಪ್ರತಿಯೊಬ್ಬನ ಮುಂದೆ ಅವನ ತಂದೆಯ ಹೆಸರು. ಏಳೂ ಜನ ಸತ್ತವರು. ಅವರಿಗೆ ಇನ್ನು ಯಾವ ಕಾಯಿಲೆ? ಎಲ್ಲರಿಗೂ ಎಪ್ಪತ್ತು ವರ್ಷ ಎಂದು ಹಾಕಿದ. ಮೊದಲನೆಯವನಾದ ತೊಲೊಗೊನ್ ಅವನ ಅಪ್ಪ. ಅಪ್ಪ ಹೋದದ್ದು ನಲವತ್ತನಾಲ್ಕಕ್ಕೆ.

ಜೂನ್ ತಿಂಗಳ ಕೊನೆಯ ಸರದಿಯಲ್ಲಿ ಆ ಏಳು ಜನರ ಹೆಸರಿಗೂ ಇನ್ಸುಲಿನ್ ಬೆಟ್ಟ ಹತ್ತಿತು. ಊರೆಲ್ಲ ನಕ್ಕಿತು. ಜುಲೈ ಮೊದಲ ವಾರದ ಸರದಿಗೆ ಎರ್ಮೆಕ್ ಊರಲ್ಲಿರಲಿಲ್ಲ. ಚಾಲಕನಿಗೆ ಫೋನಿನಲ್ಲೇ ಹೇಳಿ ಪಟ್ಟಿಯಲ್ಲಿ ಆ ಏಳು ಹೆಸರಿಗೆ ಗೀಟು ಹೊಡೆಸಿದ್ದ. ಕಚೇರಿಯ ಮುಖ್ಯಸ್ಥೆ, ಎಲ್ಲರೂ ಅಕ್ಕ ಎಂಬರ್ಥದಲ್ಲಿ ಎಜೆ ಎನ್ನುವ ಬುರುಲ್ಚಾ ಎಜೆ ಮಾತ್ರ ನಗಲಿಲ್ಲ. "ಸತ್ತೋರಿಗೊಂದು ಮನೆ ಮಾಡು, ಬದುಕಿರೋರಿಗೊಂದು ಮನೆ ಮಾಡು. ಮುಂದಿನ ವ್ಯಾನು ಹೊರಡೋದ್ರೊಳಗೆ ಆಗ್ಬೇಕು" ಎಂದಿದ್ದಳು.

ಈ ಬುಧವಾರ ಅವನು ಅದನ್ನು ಮಾಡಿದ್ದ. ಪರೀಕ್ಷೆಗೆ ಬೇರೆ ಡೇಟಾಬೇಸು ಕಟ್ಟಿ, ಆ ಏಳು ಹೆಸರಿನ ಸಾಲುಗಳೆಲ್ಲ ಅಲ್ಲಿಗೆ ಹೋಗಲಿ ಎಂದು ಅಪ್ಪಣೆ ಕೊಟ್ಟ. ತನ್ನ ಹಿರಿಯರ ಹೆಸರು ಬೇರೆ ಯಾರಿಗಿರುತ್ತದೆ ಎಂಬುದು ಅವನ ಎಣಿಕೆ. ಹೆಸರು ತೋರಿಸದೆ, ಸಾರಿ-ಬುಲಾಕ್ ಗಾವಲಿನ ಎಂಟು ಸಾಲು ಹೋದವು ಎಂದಷ್ಟೇ ಪರದೆ ಹೇಳಿತು. ಎರಡು ಸಲ ಬರೆದದ್ದು ಒಂದು ಇತ್ತಲ್ಲ ಎಂದುಕೊಂಡು ಮುಂದಕ್ಕೆ ನಡೆದ. ಹೊಸ ಡೇಟಾಬೇಸು ಪ್ರತಿ ಪರೀಕ್ಷೆಗೂ ಮುಂಚೆ ತನ್ನನ್ನು ತಾನೇ ಪೂರ್ತಿ ಒರೆಸಿಕೊಳ್ಳುವಂತೆ ಮಾಡಿದವನೂ ಅವನೇ. ಅದು ಒರೆಸಿಕೊಂಡಿತು. ತೆಗೆದಿಟ್ಟಿದ್ದ ಹಳೆಯ ಪ್ರತಿಯ ಮೇಲೆ ಹೊಸ ಪ್ರತಿ ಬಿದ್ದಿತು. ಈಗ ಆ ಎಂಟನೆಯ ಸಾಲು ಎಲ್ಲಿಯೂ ಇರಲಿಲ್ಲ, ಅವನ ಎದೆಯಲ್ಲಿ ಬಿಟ್ಟು.

ಎದ್ದು ಬುರುಲ್ಚಾ ಎಜೆಯ ಕೋಣೆಗೆ ಹೋದ. ಅವಳು ಚಹಾ ಬಟ್ಟಲಿಗೆ ಜ್ಯಾಮ್ ಹಾಕಿ ಕಲಕುತ್ತಿದ್ದಳು.

"ಎಜೆ, ಒಂದು ತಪ್ಪಾಗಿರಬಹುದು."

"ಆಗಿರಬಹುದಾ, ಆಗಿದೆಯಾ?"

"ಗೊತ್ತಾಗ್ತಿಲ್ಲ."

"ನೀನು ಬಾಯಿ ಬಿಟ್ಟು ಹೇಳೋಕೆ ಬಂದಿದೀಯ ಅಂದ್ರೆ ಆಗಿದೆ ಅಂತಲೇ ಲೆಕ್ಕ. ಕೂತ್ಕೋ."

ಅವನು ಕೂರದೆ ಎಲ್ಲವನ್ನೂ ಹೇಳಿದ. ಅವಳು ಚಮಚೆಯನ್ನು ಕೆಳಗಿಟ್ಟಳು.

"ಯಾವ ಗಾವಲು?"

"ಸಾರಿ-ಬುಲಾಕ್. ನಾನು ಬರೆದವನ್ನೆಲ್ಲ ಅಲ್ಲಿಗೇ ಹಾಕಿದ್ದೆ. ಆ ಎಂಟನೇದೂ ಅಲ್ಲೀದೇ. ಅದೇ ಗೊಂದಲ."

"ಅಸಿಲ್ಕಾನ್‌ಗೆ ಫೋನ್ ಮಾಡು." ಅಸಿಲ್ಕಾನ್ ಸಾರಿ-ಬುಲಾಕಿನ ದಾದಿ.

"ಅವ್ರು ಗುಡ್ಡ ಹತ್ತೋದು ಸೋಮವಾರವೇ. ಬೆಳಿಗ್ಗೆಯಿಂದ ನಾಲ್ಕು ಸಲ ಮಾಡಿದೆ."

ಬುರುಲ್ಚಾ ಎಜೆ ಕಿಟಕಿಯ ಕಡೆ ನೋಡಿದಳು. "ನಿನ್ನೆ ವ್ಯಾನು ಹೋಗಿ ಬಂತು. ಯಾವನೋ ಒಬ್ಬ ಕೈ ಚಾಚಿ ನಿಂತಿರ್ತಾನೆ, ನಿನ್ನ ಹೆಸರಿಲ್ಲಪ್ಪ ಅಂದಿರ್ತಾರೆ. ಹದಿನೈದು ದಿನ ಅವನೇನು ಮಾಡ್ತಾನೆ?"

ಬೆಳಿಗ್ಗೆಯಿಂದ ಎರ್ಮೆಕ್ ಮನಸ್ಸಿನಲ್ಲಿ ನೋಡುತ್ತಿದ್ದದ್ದು ಆ ಕೈಯನ್ನೇ.

"ಹೋದ ಸರದಿಯ ಕಾಗದ ಕಾಲ್ಬಾಯ್ ಹತ್ರ ಇರತ್ತೆ. ಮೊದಲು ಅದನ್ನ ನೋಡು" ಎಂದಳು.

ಚಾಲಕ ಕಾಲ್ಬಾಯ್ ಅಂಗಳದಲ್ಲಿ ವ್ಯಾನಿನ ಕೆಳಗೆ ಮಲಗಿದ್ದ. ಬೂಟು ಮಾತ್ರ ಕಾಣುತ್ತಿತ್ತು. ಅಣ್ಣ ಎನ್ನುವ ಹಾಗೆ ಎರ್ಮೆಕ್ ಅವನನ್ನು ಬಾಯ್ಕೆ ಎನ್ನುತ್ತಿದ್ದ.

"ಬಾಯ್ಕೆ, ಹಿಂದಿನ ಪಟ್ಟಿ ಇದೆಯಾ? ನಾನು ಫೋನಲ್ಲಿ ಹೇಳಿ ಹೊಡೆಸಿದ್ದು?"

"ಯಾಕಪ್ಪಾ, ನಿಮ್ಮ ಮುತ್ತಜ್ಜಂದಿರಿಗೆ ಮತ್ತೆ ಸಕ್ಕರೆ ಏರ್ತಾ?" ಎಂದಿತು ವ್ಯಾನಿನ ಕೆಳಗಿನ ದನಿ. "ಸೀಟಿನ ಹಿಂದೆ ನೋಡು. ಎಣ್ಣೆ ಒರೆಸಿದ್ದೀನಿ, ಬೈಬೇಡ."

ಕಾಗದ ಸಿಕ್ಕಿತು. ಒಂದು ಮೂಲೆ ಕಪ್ಪಾಗಿತ್ತು. ಸಾರಿ-ಬುಲಾಕಿನ ಹೆಸರುಗಳು ಮಧ್ಯದಲ್ಲಿದ್ದವು. ಅಪ್ಪನ ಮೇಲೆ ಕೆಂಪು ಗೀಟು. ಅಜ್ಜನ ಮೇಲೆ ಗೀಟು. ಒಂದೊಂದೇ ಎಣಿಸಿದ. ಏಳು ಗೀಟು. ಅವುಗಳ ಕೆಳಗೆ, ಗೀಟಿಲ್ಲದೆ ಒಂದು ಸಾಲು: ಮೊಮುಂಕುಲ್, ತಂದೆ ಬೊಸ್ಟೊನ್, ವಯಸ್ಸು ಅರವತ್ತೊಂದು.

ಎರ್ಮೆಕ್ ಎಪ್ಪತ್ತಲ್ಲದೆ ಬೇರೆ ವಯಸ್ಸನ್ನು ಬರೆದವನೇ ಅಲ್ಲ.

"ಇವನನ್ನ ಯಾಕೆ ಹೊಡೀಲಿಲ್ಲ, ಬಾಯ್ಕೆ?"

ಕಾಲ್ಬಾಯ್ ತೆವಳಿಕೊಂಡು ಹೊರಗೆ ಬಂದ. "ನೀನೇ ಹೇಳಿದ್ದಲ್ಲ, ನಮ್ಮೋರೆಲ್ಲ ಎಪ್ಪತ್ತು ವರ್ಷದೋರು ಅಂತ. ಇವನು ಅರವತ್ತೊಂದು. ಸತ್ತೋರು ಚಿಕ್ಕೋರಾಗ್ತಾರಾ?" ಅಷ್ಟು ಹೇಳಿದವನು ಎರ್ಮೆಕ್‌ನ ಮುಖ ನೋಡಿ ನಗುವುದನ್ನು ನಿಲ್ಲಿಸಿದ. ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಪೆಟ್ಟಿಗೆಗೆ ಮಂಜುಗಡ್ಡೆ ತುಂಬು. ನಾನು ಡೀಸೆಲ್ ಹಾಕಿಸ್ಕೊಂಡು ಬರ್ತೀನಿ."

ದಾರಿ ಐದು ಗಂಟೆಯದು. ಕಣಿವೆಯಲ್ಲಿ ಹೊಳೆ ಕೆಸರು ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಎರ್ಮೆಕ್ ತಂಪಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಒಳಗೆ ಕಚೇರಿಯ ಫ್ರಿಜ್ಜಿನಲ್ಲಿ ಉಳಿದಿದ್ದ ಎರಡು ಸೀಸೆಗಳಿದ್ದವು. ಪೆಟ್ಟಿಗೆಯನ್ನು ಹಿಂದೆ ಇಟ್ಟರೂ ನಡೆಯುತ್ತಿತ್ತು. ಅರವತ್ತೊಂದು ವರ್ಷದ ಆ ಮನುಷ್ಯನಿಗೆ ಎಷ್ಟು ದಿನದ ಔಷಧಿ ಉಳಿದಿರಬಹುದು ಎಂದು ಎಣಿಸುತ್ತಿದ್ದ. ಬುಧವಾರಕ್ಕೆ ಮುಗಿದಿದ್ದರೆ ಇವತ್ತಿಗೆ ಮೂರನೆಯ ದಿನ. ಮೂರನೆಯ ದಿನ ಏನಾಗುತ್ತದೆ ಎಂಬುದನ್ನು ಅವನು ಈ ಕೆಲಸಕ್ಕೆ ಸೇರಿದಾಗ ಓದಿದ್ದ. ಓದಿದ್ದನ್ನು ಮರೆಯಲು ಈಗ ಬಹಳ ಪ್ರಯತ್ನಿಸಿದ.

"ಮಾತಾಡು ಮಾರಾಯ" ಎಂದ ಕಾಲ್ಬಾಯ್. "ನೀನು ಹೀಗೆ ಸುಮ್ನೆ ಕೂತ್ರೆ ಹೆಣದ ಮನೆಗೆ ಹೋಗ್ತಿದೀವಿ ಅನ್ಸತ್ತೆ."

"ಏನು ಮಾತಾಡ್ಲಿ?"

"ಏನಾದ್ರೂ. ನಮ್ಮನೆಯೋಳನ್ನ ನೋಡು, ಏನೂ ಇಲ್ದಿದ್ರೂ ಐದು ಗಂಟೆ ಮಾತಾಡ್ತಾಳೆ."

ಕಣಿವೆಯನ್ನು ದಾಟಿದ ಮೇಲೆ ಕಾಲ್ಬಾಯ್ ತನ್ನ ಬುತ್ತಿಯ ಬ್ರೆಡ್ಡಿನಲ್ಲಿ ಅರ್ಧ ಮುರಿದು ಅವನ ಪೆಟ್ಟಿಗೆಯ ಮೇಲಿಟ್ಟ.

ಸಾರಿ-ಬುಲಾಕ್‌ನಲ್ಲಿ ಹುಲ್ಲಿನ ಮೇಲೆ ಹನ್ನೊಂದು ಉಣ್ಣೆ ಗುಡಾರಗಳಿದ್ದವು. ದಾದಿಯದು ಮೊದಲನೆಯದು. ಅಸಿಲ್ಕಾನ್ ಹೊರಗೆ ಕುಳಿತು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕುತ್ತಿದ್ದಳು. ವ್ಯಾನು ಮರುದಿನವೇ ಮತ್ತೆ ಬಂದದ್ದನ್ನು ನೋಡಿ ಹುಬ್ಬೇರಿಸಿದಳು. ನಮಸ್ಕಾರ ಹೇಳುವ ಮುಂಚೆಯೇ ಎರ್ಮೆಕ್ ಕೇಳಿದ:

"ಎಜೆ, ಬೊಸ್ಟೊನ್ ಮಗ ಮೊಮುಂಕುಲ್ ಅಂತ ಇಲ್ಲಿ ಇದಾರಾ?"

"ಇಲ್ದೆ ಎಲ್ಲಿ ಹೋಗ್ತಾರೆ?"

"ಅವ್ರಿಗೆ ಇನ್ಸುಲಿನ್..."

"ಓ, ಅದಾ. ನಿನ್ನೆ ಪಟ್ಟಿಯಲ್ಲಿ ಅವ್ರ ಹೆಸರೇ ಇರ್ಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದ್ರೆ ಮನುಷ್ಯನೇ ಇಲ್ಲ ಅಂತಾನಾ? ಅದೇ ಬೆಳಿಗ್ಗೆ ಕುದುರೆ ಹಾಲಿನ ಹುಳಿ ಕುಮಿಸ್ ಕುಡೀಬೇಡಿ ಅಂತ ಬೈದು ಬಂದಿದ್ದೆ ನಾನು." ಅವಳು ಬಟ್ಟೆಯ ಗಂಟು ಬಿಗಿದಳು. "ಜೂನಲ್ಲಿ ಏಳು ಸೀಸೆ ಜಾಸ್ತಿ ಕಳ್ಸಿದ್ರಲ್ಲ ನೀವು. ಐದು ವಾಪಸ್ ಕೊಟ್ಟೆ, ಎರಡು ಇಟ್ಕೊಂಡೆ. ತೊರೆ ನೀರಲ್ಲಿ ಡಬ್ಬಿ ಇಳಿಬಿಟ್ಟಿದ್ದೆ. ಅವ್ರಿಗೆ ಏನೂ ಹೇಳ್ದೆ ಅದನ್ನೇ ಕೊಟ್ಟೆ. ಒಂದು ಹೊತ್ತೂ ತಪ್ಪಿಲ್ಲ."

ಎರ್ಮೆಕ್ ಪೆಟ್ಟಿಗೆಯನ್ನು ಹುಲ್ಲಿನ ಮೇಲೆ ಇಟ್ಟು ಅದರ ಪಕ್ಕದಲ್ಲೇ ಕುಳಿತ. ಗಾಳಿಗೆ ಕಣ್ಣು ಒದ್ದೆಯಾಯಿತೆಂದು ತೋಳಿನಿಂದ ಒರೆಸಿಕೊಂಡ. ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಹೊಟ್ಟೆಯ ತನಕ ಇಳಿಯಿತು.

"ಹುಡುಗನಿಗೇನಾಯ್ತು?" ಎಂದಳು ಅಸಿಲ್ಕಾನ್.

"ಏನಿಲ್ಲ, ವ್ಯಾನಿನ ಕುಲುಕಾಟ" ಎಂದ ಕಾಲ್ಬಾಯ್. "ಅವ್ರ ಮುತ್ತಜ್ಜಂದಿರ ಪಾಲಿನ ಔಷಧಿ ಸುಮ್ನೆ ಹೋಗ್ಲಿಲ್ಲ ನೋಡಿ."

ಮೊಮುಂಕುಲ್‌ನ ಗುಡಾರ ತೊರೆಯ ಆಚೆಗಿತ್ತು. ಅವನು ಅಗಲ ಭುಜದ, ಮೆಲುದನಿಯ ಮನುಷ್ಯ. ಕುದುರೆಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲು ತೆಗೆಯುತ್ತಿದ್ದ. ಅಸಿಲ್ಕಾನ್ ಕೂಗಿ ಹೇಳಿದಳು: "ಅಣ್ಣಾ, ನಿಮಗೆ ಪಟ್ಟಣದಿಂದ ಔಷಧಿ ಬಂದಿದೆ. ನಿಮಗೆ ಅಂತಲೇ."

ಅವನು ಗೊರಸನ್ನು ಕೆಳಗೆ ಬಿಟ್ಟು ಎರ್ಮೆಕ್‌ನನ್ನು ಮೇಲಿಂದ ಕೆಳಗೆ ನೋಡಿದ. "ಒಳಗೆ ಬಾ. ಬಾಗಿಲಲ್ಲಿ ನಿಂತು ಔಷಧಿ ಕೊಡೋರು ಯಾರಿದಾರೆ? ಯಾರ ಮಗ ನೀನು?"

"ತೊಲೊಗೊನ್ ಮಗ."

"ತೊಲೊಗೊನ್ ಬೇಕಾದಷ್ಟು ಜನ. ಏಳು ತಲೆ ಹೇಳು."

ಚಾಪೆಯ ಮೇಲೆ ಕುಳಿತು, ಬಟ್ಟಲು ಕೈಯಲ್ಲಿ ಹಿಡಿದು ಎರ್ಮೆಕ್ ಹೇಳಿದ. ಮೇ ತಿಂಗಳಲ್ಲಿ ಅದೇ ಹೆಸರುಗಳನ್ನು ಬೆರಳ ತುದಿಯಿಂದ ಒತ್ತಿದ್ದ. ಈಗ ಬಾಯಲ್ಲಿ ಹೇಳುವಾಗ ಅವು ಬೇರೆಯೇ ತೂಕದವಾಗಿದ್ದವು. ಮೊಮುಂಕುಲ್, ಬೊಸ್ಟೊನ್ ಎಂದು ಅವನು ಹೇಳಿದಾಗ ಆತ ಸಕ್ಕರೆಯಿಲ್ಲದ ಚಹಾವನ್ನು ಕುಡಿಯುವುದನ್ನು ನಿಲ್ಲಿಸಿದ. ತಿಲೆಕೆ ಎಂದಾಗ ಕೈಯೆತ್ತಿದ.

"ನಿಲ್ಲು. ತಿಲೆಕೆಗೆ ಎರಡು ಗಂಡು. ದೊಡ್ಡೋನು ಬೊಸ್ಟೊನ್, ನಿಮ್ಮೋನು. ಚಿಕ್ಕೋನು ಕಿದಿರ್, ನಮ್ಮೋನು. ಕಿದಿರ್ ಮಗ ಒಸ್ಕೋನ್ ನಮ್ಮಜ್ಜ. ದೊಡ್ಡಪ್ಪನ ಹೆಸರೇ ಇರ್ಲಿ ಅಂತ ತನ್ನ ಮಗನಿಗೆ ಬೊಸ್ಟೊನ್ ಅಂತ ಇಟ್ಟ. ಅವರು ನಮ್ಮಪ್ಪ. ಬೊಸ್ಟೊನ್‌ಗೆ ಗಂಡು ಹುಟ್ಟಿದ್ರೆ ಮೊಮುಂಕುಲ್ ಅಂತಲ್ದೆ ಇನ್ನೇನು ಇಡ್ತಾರೆ? ಲೆಕ್ಕ ಹಾಕು, ನಾನು ನಿನಗೇನಾಗ್ಬೇಕು?"

"ತಾತ."

"ತಾತ. ಹಲ್ಲೆಲ್ಲ ಗಟ್ಟಿ ಇರೋ ತಾತ." ಅವನು ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯೇನೇ? ಮೊಮ್ಮಗ ಬಂದಿದಾನೆ. ನೀನು ಇನ್ನೂ ಹಳೇ ಬ್ರೆಡ್ ಮುಂದಿಟ್ಟಿದೀಯ."

"ನಿಮ್ಮೋರು ಹುಡುಕ್ಕೊಂಡು ಬರೋಷ್ಟು ದೊಡ್ಡ ಮನುಷ್ಯ ನೀವು ಅಂತ ನಂಗೇನು ಗೊತ್ತಿತ್ತು" ಎಂದಳು ಆಕೆ, ಆಗಲೇ ಹಿಟ್ಟು ಕಲಸುತ್ತ.

ಒಂದು ಕುರಿಯನ್ನು ಕಡಿದರು. ಬೇಡವೆಂದರೆ ಅವಮಾನವಾಗುತ್ತಿತ್ತು. ಕಾಲ್ಬಾಯ್ ಮೂರು ಬಟ್ಟಲು ಸಾರು ಕುಡಿದು ಗುಡಾರದ ಹಿಂದೆ ಗೊರಕೆ ಹೊಡೆದ. ಹೊರಡುವಾಗ ಮೊಮುಂಕುಲ್ ವ್ಯಾನಿನ ತನಕ ಬಂದು, "ಒಬ್ಬ ಮನುಷ್ಯನಿಗೋಸ್ಕರ ಇಷ್ಟು ದೂರ ಬಂದ್ಯಲ್ಲಪ್ಪ" ಎಂದ. ಎರ್ಮೆಕ್‌ನ ಬಾಯಿ ತೆರೆಯಿತು. ಆತ ಅಷ್ಟರಲ್ಲಿ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟುಬಿಟ್ಟ. ತೆರೆದ ಬಾಯಿ ಹಾಗೆಯೇ ಮುಚ್ಚಿತು.

ಸೋಮವಾರ ಎರ್ಮೆಕ್ ಕೆಲಸಕ್ಕೆ ಕುಳಿತ. ಮೊದಲು ಮೊಮುಂಕುಲ್‌ನ ಸಾಲನ್ನು ಮತ್ತೆ ಸೇರಿಸಿದ. ಪರೀಕ್ಷೆಯ ಸೈಟಿಗೆ ಮೇಲಿಂದ ಕೆಳಗಿನವರೆಗೆ ಹಳದಿ ಬಣ್ಣ ಬಳಿದ. ಅಲ್ಲಿ ಯಾರಿಗೂ ಹೆಸರಿಲ್ಲ, ರೋಗಿ ಒಂದು, ರೋಗಿ ಎರಡು. ಆ ಕಡೆಯಿಂದ ಈ ಕಡೆಗೆ ಒಂದು ಸಾಲೂ ದಾಟದಂತೆ ಬೇರೆ ಬೇರೆ ಬೀಗ ಹಾಕಿದ. ನಿಜವಾದ ಪಟ್ಟಿಯಿಂದ ಯಾರನ್ನಾದರೂ ತೆಗೆಯಬೇಕಾದರೆ ದಾದಿಯೂ ಒಪ್ಪಬೇಕು ಎಂದು ಮಾಡಿದ. ಬುರುಲ್ಚಾ ಎಜೆ ಹಿಂದೆ ನಿಂತು ನೋಡಿದಳು.

"ಹಳದಿ ಯಾಕೆ?"

"ಕಣ್ಣಿಗೆ ಚುಚ್ಚಲಿ ಅಂತ."

"ಚುಚ್ಚತ್ತೆ" ಎಂದು ಅವಳು ಹೊರಟುಹೋದಳು. ಬಾಗಿಲ ಬಳಿ ನಿಂತು, "ಆ ಕುರಿ ತಿಂದೋನಿಗೆ ಸಂಬಳದಲ್ಲಿ ಹಿಡೀಬೇಕಿತ್ತು" ಎಂದಾಗ ಎರ್ಮೆಕ್ ನಕ್ಕ. ಆ ವಾರವೆಲ್ಲ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಸೆಪ್ಟೆಂಬರಿನಲ್ಲಿ ಮಂದೆಗಳು ಕೆಳಗಿಳಿದವು. ಮೊಮುಂಕುಲ್ ಕಚೇರಿಗೆ ಬಂದು, ಮಕ್ಕಳ ತೊಟ್ಟಿಯಲ್ಲಿ ಬಗ್ಗಿ ಕೈ ತೊಳೆದು, ಒಂದು ಚೀಲ ಒಣಗಿದ ಮೊಸರುಂಡೆಯನ್ನು ಎರ್ಮೆಕ್‌ನ ಮೇಜಿನ ಮೇಲಿಟ್ಟ. ಬಂದವರಿಗೆಲ್ಲ, "ನಮ್ಮ ಹುಡುಗ. ನನ್ನ ಹೆಸರನ್ನ ಪಟ್ಟಿಯಲ್ಲಿ ಕಂಡು, ನಮ್ಮೋರೇ ಇರ್ಬೇಕು ಅಂತ ಬೆಟ್ಟ ಹತ್ತಿ ಬಂದ" ಎಂದು ಹೇಳಿದ. ಬುರುಲ್ಚಾ ಎಜೆ ಚಹಾ ಸುರಿದಳು. ಕಾಲ್ಬಾಯ್ ತನ್ನ ಬೂಟನ್ನು ನೋಡಿಕೊಂಡ. ಎರ್ಮೆಕ್ ಒಂದು ಮೊಸರುಂಡೆಯನ್ನು ಬಾಯಿಗೆ ಹಾಕಿಕೊಂಡ.

ಸತ್ತವರ ಜೊತೆಗೆ ಅವನ ಹೆಸರನ್ನೂ ತಾನು ಅಳಿಸಿದ್ದೆ ಎಂದು ಎರ್ಮೆಕ್ ಆ ಮನುಷ್ಯನಿಗೆ ಎಂದೂ ಹೇಳಲಿಲ್ಲ.